ಚಿಕ್ಕ ಮಕ್ಕಳೊಡನೆ ಸ್ಟುಟ್‌ಗಾರ್ಟಿನಲ್ಲಿ ಬಿಡಾರ

ಮನೆ ಹುಡುಕುವ ವಿದ್ಯೆಯನ್ನು ಹೊರನಾಡ ಕನ್ನಡಿಗರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ಹಿರಿಯರು ಮೊದಲು ಊರಿನವರೊಬ್ಬರ ಖೋಲಿಯಲ್ಲಿ ಚಾಪೆ ಹಾಸಿದರು; ಹೋಟೆಲಿನಲ್ಲಿ ಕೆಲಸಕ್ಕೆ ನಿಂತವರು ಬಾಗಿಲು ಹಾಕಿದ ಮೇಲೆ ಮೇಜುಗಳ ನಡುವೆಯೇ ಮಲಗಿದರು; ನಾಲ್ಕು ಕಾಸು ಕೂಡಿದ ಮೇಲೆ ಪಗಡಿ ಕೊಟ್ಟು ಚಾಳಿನಲ್ಲೊಂದು ಖೋಲಿ ಹಿಡಿದರು; ಅದಾದ ಮೇಲೆ ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಿಗೆ ಹೋದವರ ಕಥೆಯೂ ಇದಕ್ಕಿಂತ ಬಹಳ ಬೇರೆಯೇನಲ್ಲ. ಈಗ ಅದೇ ಸಂಸಾರಗಳ ಮೂರನೆಯ ತಲೆಮಾರು ಇನ್ನೂ ದೂರಕ್ಕೆ ಹೊರಟಿದೆ. ಅಂಥ ಸಂಸಾರಗಳಲ್ಲಿ ನಮ್ಮದೂ ಒಂದು. ನಾವು ಗಂಡಹೆಂಡಿರಿಬ್ಬರು, ನಾಲ್ಕು ವರ್ಷದ ಮಗಳು, ಹದಿನಾಲ್ಕು ತಿಂಗಳ ಮಗ, ಹೀಗೆ ನಾಲ್ವರು ಮುಂಬಯಿಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿ ಬಿಡಾರ ಹೂಡಿದೆವು.

ಸ್ಟುಟ್‌ಗಾರ್ಟ್ ಜರ್ಮನಿಯ ನೈಋತ್ಯ ಮೂಲೆಯಲ್ಲಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ರಾಜಧಾನಿ; ಆರು ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಜನಸಂಖ್ಯೆಯ ಪಟ್ಟಣ. 1968ರಿಂದ ಇದು ಮುಂಬಯಿಯ ಸೋದರಿ ನಗರವೆಂಬುದು ಮುಂಬಯಿಯಲ್ಲಿ ಹುಟ್ಟಿ ಬೆಳೆದ ಅನೇಕರಿಗೆ ತಿಳಿಯದು. ಬೆಂಗಳೂರಿನ ನಂಟು ಇನ್ನೂ ಗಟ್ಟಿಯಾದುದು. 1886ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಬಾಷ್ ಕಂಪನಿಯೇ 1951ರಲ್ಲಿ ಬೆಂಗಳೂರಿನಲ್ಲಿ ‘ಮೈಕೋ’ ಆಗಿ ಬೇರೂರಿತು. ಮೋಟಾರು ಮತ್ತು ಯಂತ್ರೋದ್ಯಮಗಳ ಈ ಊರಿಗೆ ನಮ್ಮ ಕಡೆಯ ಎಂಜಿನಿಯರುಗಳು ಹೋಗಿ ಬರುವುದು ಈಗ ವಿಶೇಷವಲ್ಲ. ಆದರೆ ಒಬ್ಬಂಟಿಯಾಗಿ ಹೋಗಿ ಬರುವುದು ಬೇರೆ, ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡು ಹೋಗಿ ನೆಲೆನಿಲ್ಲುವುದು ಬೇರೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಮುಖ್ಯವಾಗಿ ಒಂದೇ ಮಾತು. ಹೋಗುವಾಗ ಸಂಸಾರವೆಲ್ಲ ಒಟ್ಟಿಗೆ ಹೋಗುವುದು ಒಳ್ಳೆಯದು. ಆದರೆ ಮನೆಯನ್ನು ಮಾತ್ರ ಎರಡು ಮೆಟ್ಟಿಲಲ್ಲಿ ಹತ್ತಬೇಕು. ಮೊದಲನೆಯ ಮನೆಯನ್ನು ಕಾಗದಪತ್ರಕ್ಕಾಗಿ ಹಿಡಿಯಬೇಕು, ಎರಡನೆಯದನ್ನು ಮಕ್ಕಳಿಗಾಗಿ. ಈ ಎರಡನ್ನೂ ಒಂದೇ ಮನೆಯಲ್ಲಿ, ಅದೂ ಸಾವಿರಾರು ಮೈಲಿ ದೂರದಿಂದ, ಸಾಧಿಸಹೊರಟವರು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುವ ಸಂಭವ ಹೆಚ್ಚು.

ಒಬ್ಬರೇ ಮುಂದೆ ಹೋಗುವುದೋ?

ಹೊರಡುವ ಸಂಸಾರಕ್ಕೆ ಎದುರಾಗುವ ಮೊದಲ ಪ್ರಶ್ನೆ ಇದೇ. ಉದ್ಯೋಗ ಸಿಕ್ಕವರು ಮೊದಲು ಹೋಗಿ, ಮನೆ ಹುಡುಕಿ, ಆಮೇಲೆ ಉಳಿದವರನ್ನು ಕರೆಸಿಕೊಳ್ಳಲಿ ಎಂದು ಮನೆಯ ಹಿರಿಯರು ಹೇಳುವುದು ಸಹಜ. ಅವರ ಕಾಲದ ಪದ್ಧತಿ ಅದೇ ಆಗಿತ್ತು. ಆದರೆ ಆ ಪದ್ಧತಿಗೆ ತೆತ್ತ ಬೆಲೆ ಎಷ್ಟೆಂಬುದೂ ಹಿರಿಯರಿಗೇ ಗೊತ್ತು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಊರಿಗೆ ಬರುವ ತಂದೆಯನ್ನು ಕಂಡು ಕಂಬದ ಮರೆಗೆ ಓಡುವ ಮಕ್ಕಳು ಎಷ್ಟು ಮನೆಗಳಲ್ಲಿ ಇರಲಿಲ್ಲ? ಒಂದು ವರ್ಷದ ಮಗುವಿಗೆ ನಾಲ್ಕು ತಿಂಗಳೆಂದರೆ ಅದರ ಆಯುಷ್ಯದ ಮೂರರಲ್ಲೊಂದು ಪಾಲು. ಫೋನಿನ ಪರದೆಯ ಮೇಲೆ ದಿನವೂ ಮುಖ ಕಂಡರೂ ತೋಳಿನ ಪರಿಚಯ ಬೇರೆಯೇ.

ಕಾನೂನಿನ ತೊಡಕೂ ಹಿಂದಿನಷ್ಟಿಲ್ಲ. ಸಂಸಾರವನ್ನು ಕರೆಸಿಕೊಳ್ಳುವವರಿಗೆ ‘ಸಾಕಷ್ಟು ವಾಸಸ್ಥಳ’ ಇರಬೇಕೆಂಬುದು ಜರ್ಮನಿಯ ಸಾಮಾನ್ಯ ನಿಯಮ. ಆರು ವರ್ಷ ಮೀರಿದವರಿಗೆ ತಲಾ 12 ಚದರ ಮೀಟರು, ಅದಕ್ಕಿಂತ ಚಿಕ್ಕ ಮಕ್ಕಳಿಗೆ ತಲಾ 10 ಚದರ ಮೀಟರು ಎಂಬ ಅಳತೆಯನ್ನು ಹಿಡಿಯುತ್ತಾರೆ. ಎರಡು ವರ್ಷ ತುಂಬದ ಕೂಸನ್ನು ಈ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ನಮ್ಮಂಥ ನಾಲ್ವರ ಸಂಸಾರಕ್ಕೆ ಈ ಪ್ರಕಾರ ಬೇಕಾದುದು 34 ಚದರ ಮೀಟರು, ಎಂದರೆ ಸುಮಾರು 366 ಚದರ ಅಡಿ. ಮುಂಬಯಿಯಲ್ಲಿ ಬಾಳಿದವರಿಗೆ ಇದು ಇಕ್ಕಟ್ಟೆನಿಸದು! ಮೇಲಾಗಿ, ಕುಶಲ ಉದ್ಯೋಗದ ಮೇಲೆ ಹೋಗುವವರ ಹೆಂಡತಿ ಮಕ್ಕಳಿಗೆ ಈಚಿನ ತಿದ್ದುಪಡಿಯಲ್ಲಿ ಈ ರುಜುವಾತಿನಿಂದ ವಿನಾಯಿತಿ ದೊರೆತಿದೆ. ತಮ್ಮ ಪರವಾನಗಿ ಯಾವ ಬಗೆಯದು, ವಿನಾಯಿತಿ ತಮಗೆ ಸಲ್ಲುವುದೋ ಎಂಬುದನ್ನು ವೀಸಾ ಅರ್ಜಿಯ ಹೊತ್ತಿಗೇ ಜರ್ಮನಿಯ ದೂತಾವಾಸದಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಮೊದಲ ಮೆಟ್ಟಿಲು: ಕಾಗದದ ಮನೆ

ಮುಂಬಯಿಯಲ್ಲಿ ಬಂಧುಗಳ ಮನೆಯ ಮೂಲೆಯಲ್ಲಿ ಆರು ತಿಂಗಳು ಇದ್ದುಕೊಂಡು ಮನೆ ಹುಡುಕಬಹುದು, ಯಾರೂ ಕೇಳುವುದಿಲ್ಲ. ಜರ್ಮನಿಯಲ್ಲಿ ಮನೆಯೆಂದರೆ ಮೊದಲಾಗಿ ವಿಳಾಸ, ವಿಳಾಸವೆಂದರೆ ಸರಕಾರದ ದಫ್ತರದಲ್ಲಿ ಬರೆದ ಹೆಸರು. ಮನೆ ಹೊಕ್ಕ ಎರಡು ವಾರದೊಳಗೆ ಆ ಊರಿನ ಪೌರಕಚೇರಿಗೆ ಹೋಗಿ ಮನೆಮಂದಿಯ ಹೆಸರನ್ನೆಲ್ಲ, ಕೂಸಿನದನ್ನೂ ಸೇರಿಸಿ, ಬರೆಸಬೇಕೆಂದು ಕಾನೂನಿದೆ. ‘ಆನ್‌ಮೆಲ್ಡುಂಗ್’ ಎಂದು ಇದರ ಹೆಸರು. 2015ರ ನವೆಂಬರಿನಿಂದ ಇದಕ್ಕೆ ಮನೆಯೊಡೆಯರು ‘ಇಂಥವರು ಇಂಥ ತಾರೀಖಿನಿಂದ ನಮ್ಮ ಮನೆಯಲ್ಲಿದ್ದಾರೆ’ ಎಂದು ಸಹಿ ಹಾಕಿದ ಒಂದು ಕಾಗದ ಕಡ್ಡಾಯ. ಬಾಡಿಗೆಯ ಕರಾರುಪತ್ರ ಮಾತ್ರ ತೋರಿಸಿದರೆ ನಡೆಯದು.

ಈ ನೋಂದಣಿ ಆಯಿತೆಂದರೆ ಉಳಿದುದೆಲ್ಲ ಒಂದರ ಹಿಂದೊಂದು ಬರುತ್ತದೆ. ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಮನೆಮಂದಿಗೆಲ್ಲ, ತೊಟ್ಟಿಲ ಕೂಸಿಗೂ, ಅಂಚೆಯಲ್ಲಿ ಬರುತ್ತದೆ. ವಾಸದ ಪರವಾನಗಿ, ಬ್ಯಾಂಕಿನ ಖಾತೆ, ಆರೋಗ್ಯ ವಿಮೆಯ ಚೀಟಿ, ಶಿಶುವಿಹಾರದ ಅರ್ಜಿ ಎಲ್ಲಕ್ಕೂ ಆ ವಿಳಾಸವೇ ಬುನಾದಿ. ಮಕ್ಕಳಿಗಾಗಿ ಸರಕಾರ ಕೊಡುವ ಸಹಾಯಧನವೂ ಹಾಗೆಯೇ. 2025ರಲ್ಲಿ ಅದು ಮಗುವೊಂದಕ್ಕೆ ತಿಂಗಳಿಗೆ 255 ಯೂರೋ ಇತ್ತು. ಯಾವ ಬಗೆಯ ಪರವಾನಗಿಯವರಿಗೆ ಅದು ಸಲ್ಲುತ್ತದೆಂಬುದಕ್ಕೆ ನಿಯಮಗಳಿವೆ. ಸರಕಾರಿ ಆರೋಗ್ಯ ವಿಮೆಯಲ್ಲಿರುವ ಉದ್ಯೋಗಿಯ ಮಕ್ಕಳಿಗೂ ಸಂಪಾದನೆಯಿಲ್ಲದ ಸಂಗಾತಿಗೂ ಬೇರೆ ವಂತಿಗೆಯಿಲ್ಲದೆ ಅದೇ ವಿಮೆಯ ರಕ್ಷಣೆ ಸಿಗುತ್ತದೆಂಬುದು ಚಿಕ್ಕ ಮಕ್ಕಳ ತಾಯಿತಂದೆಯರಿಗೆ ದೊಡ್ಡ ಧೈರ್ಯ.

ಆದುದರಿಂದ ಮೊದಲನೆಯ ಮನೆ ಸಾಮಾನು ಸಹಿತವಾದ ಚಿಕ್ಕ ಬಿಡಾರವಾದರೆ ಸಾಕು. ಎರಡು ಮೂರು ತಿಂಗಳ ಮಟ್ಟಿಗೆ ಇಂಥವು ದೊರೆಯುತ್ತವೆ. ಬಾಡಿಗೆ ಮಾತ್ರ ಹೆಚ್ಚು. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೋಂದಣಿಗೆ ಬೇಕಾದ ಕಾಗದವನ್ನು ನಾಲ್ವರ ಹೆಸರಿಗೂ ಬರೆದುಕೊಡುವಿರಾ? ಇದಕ್ಕೆ ಬರವಣಿಗೆಯಲ್ಲಿ ‘ಆಗಲಿ’ ಎಂಬ ಉತ್ತರ ಬಂದರೆ ಮಾತ್ರ ಮುಂದುವರಿಯಬೇಕು. ಪ್ರವಾಸಿಗಳಿಗೆಂದೇ ಇಟ್ಟ ಎಷ್ಟೋ ವಸತಿಗಳಲ್ಲಿ ಈ ಕಾಗದ ಸಿಗುವುದಿಲ್ಲ. ಉದ್ಯೋಗ ಕೊಟ್ಟವರೇ ಮೊದಲ ತಿಂಗಳುಗಳಿಗೆ ವಸತಿ ಏರ್ಪಡಿಸುವುದೂ ಉಂಟು. ಕೆಲಸದ ಕರಾರಿಗೆ ಸಹಿ ಹಾಕುವ ಮೊದಲೇ ಅದನ್ನು ಕೇಳಲು ಸಂಕೋಚಪಡಬಾರದು. ಅಂತೆಯೇ ವಿವಾಹಪತ್ರ, ಮಕ್ಕಳ ಜನನಪತ್ರಗಳ ಮೂಲಪ್ರತಿಗಳೂ ಅವುಗಳ ಜರ್ಮನ್ ಅನುವಾದವೂ ದೊಡ್ಡ ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿರಲಿ.

ಇಲ್ಲಿ ನಮ್ಮವರಿಗೇ ವಿಶೇಷವಾದ ತೊಡಕೊಂದಿದೆ. ಜರ್ಮನಿಯ ಅಂಚೆಯವನು ಮನೆಯ ನಂಬರನ್ನು ನೋಡಿ ಕಟ್ಟಡಕ್ಕೆ ಬರುತ್ತಾನೆ. ಕಟ್ಟಡದೊಳಗೆ ನಮ್ಮಲ್ಲಿಯಂತೆ ಬ್ಲಾಕು ನಂಬರು ಸಾಮಾನ್ಯವಾಗಿ ಇರುವುದಿಲ್ಲ. ಅಂಚೆಪೆಟ್ಟಿಗೆಯ ಮೇಲೆ ಬರೆದ ಮನೆತನದ ಹೆಸರೇ ಗುರುತು. ನಮ್ಮ ಕನ್ನಡ ಸಂಸಾರಗಳಲ್ಲೋ ಗಂಡನ ಪಾಸ್‌ಪೋರ್ಟಿನ ಕೊನೆಯಲ್ಲಿ ಊರ ಹೆಸರು, ಹೆಂಡತಿಯದರಲ್ಲಿ ಆಕೆಯ ತಂದೆಯ ಹೆಸರು, ಮಕ್ಕಳದರಲ್ಲಿ ಅಪ್ಪನ ಸ್ವಂತ ಹೆಸರು! ಪೆಟ್ಟಿಗೆಯ ಮೇಲೆ ಒಂದೇ ಹೆಸರು ಬರೆದರೆ ಉಳಿದವರ ಕಾಗದಗಳು ಬಂದ ದಾರಿಗೆ ಹಿಂದಿರುಗುತ್ತವೆ. ಪಾಸ್‌ಪೋರ್ಟಿನಲ್ಲಿರುವ ಹೆಸರುಗಳನ್ನೆಲ್ಲ ಮೊದಲ ದಿನವೇ ಅಂಟಿಸಬೇಕು. ನಮ್ಮ ಪೆಟ್ಟಿಗೆಯ ಮೇಲೆ ಮೂರು ಹೆಸರು ಕಂಡ ನೆರೆಮನೆಯಾಕೆ, ಇಷ್ಟು ಚಿಕ್ಕ ಬಿಡಾರದಲ್ಲಿ ಮೂರು ಸಂಸಾರಗಳು ಹೇಗಿದ್ದೀರಿ ಎಂದು ಕಳವಳದಿಂದ ವಿಚಾರಿಸಿದರು.

ಜಾಹೀರಾತನ್ನು ಓದುವ ಬಗೆ

ಮೊದಲ ಬಿಡಾರದಲ್ಲಿ ಉಸಿರಾಡಿಸಿಕೊಂಡು ಎರಡನೆಯ ಮನೆಯನ್ನು ಹುಡುಕತೊಡಗಬೇಕು. ಜಾಹೀರಾತುಗಳ ಭಾಷೆಯನ್ನು ಕಲಿತುಕೊಳ್ಳುವುದು ಇಲ್ಲಿಯ ಮೊದಲ ಪಾಠ. ‘ಮೂರು ಕೋಣೆಯ ಮನೆ’ ಎಂದರೆ ಹಜಾರವೂ ಸೇರಿ ಮೂರು. ಅಡಿಗೆಮನೆ, ಬಚ್ಚಲುಗಳು ಲೆಕ್ಕಕ್ಕಿಲ್ಲ. ಎಂದರೆ ನಮ್ಮವರು ಹೇಳುವ ಎರಡು ಬೆಡ್‌ರೂಮಿನ ಮನೆ. ಬಾಡಿಗೆಯಲ್ಲಿಯೂ ಎರಡು ಬಗೆ: ಬರಿಯ ಮನೆಗೆ ಕೊಡುವುದು ‘ತಣ್ಣನೆಯ ಬಾಡಿಗೆ’, ಅದಕ್ಕೆ ಮನೆ ಬೆಚ್ಚಗಿಡುವ ಖರ್ಚು, ನೀರು, ಕಸ, ಮೆಟ್ಟಿಲ ದೀಪ ಮುಂತಾದುವು ಸೇರಿದರೆ ‘ಬಿಸಿ ಬಾಡಿಗೆ’. ಈ ಮೇಲುಖರ್ಚನ್ನು ತಿಂಗಳು ತಿಂಗಳು ಅಂದಾಜಿನಿಂದ ಕಟ್ಟುತ್ತ ಹೋಗಿ, ವರ್ಷಕ್ಕೊಮ್ಮೆ ಲೆಕ್ಕ ಮಾಡಿ ಹೆಚ್ಚುಕಡಿಮೆ ತೀರಿಸುವುದು ವಾಡಿಕೆ. ವಿದ್ಯುತ್ತಿನ ಕರಾರು ಬಹುಮಟ್ಟಿಗೆ ಬೇರೆಯೇ. ಇವೆಲ್ಲದರ ಮೇಲೆ ಮನೆಗೊಂದರಂತೆ ರೇಡಿಯೋ-ದೂರದರ್ಶನ ಶುಲ್ಕವೂ ಇದೆ. ಪೆಟ್ಟಿಗೆ ಇದ್ದರೂ ಇಲ್ಲದಿದ್ದರೂ ಕಟ್ಟಲೇಬೇಕು.

ನಮ್ಮವರನ್ನು ಬೆರಗುಗೊಳಿಸುವ ಇನ್ನೊಂದು ಸಂಗತಿ ಅಡಿಗೆಮನೆ. ಎಷ್ಟೋ ಮನೆಗಳಲ್ಲಿ ಅಡಿಗೆಮನೆಯೆಂದರೆ ನಲ್ಲಿಯ ಕೊಳವೆ ಹೊರಚಾಚಿದ ಬರಿಯ ಗೋಡೆ. ಒಲೆ, ತೊಟ್ಟಿ, ಕಪಾಟುಗಳನ್ನು ಹಿಂದಿನವರು ಕಿತ್ತುಕೊಂಡು ಹೋಗಿರುತ್ತಾರೆ. ಹೊಸಬರು ತಮ್ಮದನ್ನು ತಂದು ಜೋಡಿಸಿಕೊಳ್ಳಬೇಕು. ದೀಪದ ಜಾಗದಲ್ಲಿ ತಂತಿಯ ತುದಿ ಮಾತ್ರ ಇಳಿಬಿದ್ದಿರುವುದೂ ಉಂಟು. ಮಗುವಿಗೆ ಗಂಜಿ ಬೇಯಿಸಬೇಕಾದ ಸಂಸಾರ ಒಲೆಯಿಲ್ಲದ ಮನೆಯಲ್ಲಿ ಒಂದು ದಿನವೂ ಇರಲಾರದು. ‘ಐನ್‌ಬೌ-ಕ್ಯುಶೆ’ ಎಂದು ಬರೆದಿದ್ದರೆ ಅಡಿಗೆಮನೆ ಜೋಡಿಸಿಯೇ ಇದೆಯೆಂದು ಅರ್ಥ. ಮೊದಲು ಹುಡುಕಬೇಕಾದ ಶಬ್ದ ಅದು. ಒಲೆ ಬಹುತೇಕ ವಿದ್ಯುತ್ತಿನದು, ಮೇಲ್ಮೈ ಗಾಜಿನಂತೆ ಸಪಾಟು. ಊರಿನಿಂದ ತರುವ ಕುಕ್ಕರು, ಕಾವಲಿಗಳ ತಳವೂ ಸಪಾಟಾಗಿರಲಿ.

ಠೇವಣಿಯ ವಿಷಯದಲ್ಲಿ ಕಾನೂನು ಬಾಡಿಗೆದಾರನ ಪಕ್ಷದಲ್ಲಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳಿ ಬೆಚ್ಚಿದವರಿಗೆ ಇದು ಸಮಾಧಾನದ ಮಾತು. ತಣ್ಣನೆಯ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಅದನ್ನೂ ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕಿದೆ. ತಣ್ಣನೆಯ ಬಾಡಿಗೆ 1,200 ಯೂರೋ ಎಂದಿಟ್ಟುಕೊಂಡರೆ ಠೇವಣಿ 3,600ಕ್ಕೆ ಮೀರದು. ಮನೆ ಹಿಡಿದಾಗ 1,200, ಮುಂದಿನ ಎರಡು ತಿಂಗಳು ತಲಾ 1,200 ಕೊಟ್ಟರಾಯಿತು. ಮನೆಯೊಡೆಯರು ಆ ಹಣವನ್ನು ತಮ್ಮ ಹಣದೊಡನೆ ಬೆರೆಸದೆ ಬೇರೆಯಾಗಿ ಇಡಬೇಕು. ದಲ್ಲಾಳಿಯ ಹಣವನ್ನೂ, 2015ರ ಜೂನ್ 1ರಿಂದ, ದಲ್ಲಾಳಿಯನ್ನು ಗೊತ್ತುಮಾಡಿದವರೇ ತೆರಬೇಕು; ಮನೆಯೊಡೆಯರು ನಿಯಮಿಸಿದ ದಲ್ಲಾಳಿಗೆ ಬಾಡಿಗೆದಾರ ಕೊಡಬೇಕಾದುದಿಲ್ಲ. ಬಿಟ್ಟುಹೋಗುವಾಗ ಬಾಡಿಗೆದಾರ ಮೂರು ತಿಂಗಳ ಮುಂಚಿತವಾಗಿ ಬರೆದು ತಿಳಿಸಬೇಕು.

ಸಾಲಿನಲ್ಲಿ ನಿಂತು

ಹಕ್ಕುಗಳೆಲ್ಲ ಸರಿ, ಆದರೆ ಮನೆ ಸಿಗಬೇಕಲ್ಲ! ಸ್ಟುಟ್‌ಗಾರ್ಟ್ ಜರ್ಮನಿಯ ದುಬಾರಿ ಪಟ್ಟಣಗಳಲ್ಲೊಂದು. ಇರುವ ಮನೆ ಕಡಿಮೆ, ಕೇಳುವವರು ಬಹಳ. ಎರಡೂವರೆ ತಿಂಗಳಲ್ಲಿ ನಾವು ನೋಡಿದ ಮನೆಗಳು ಹನ್ನೊಂದು. ಒಂದೊಂದು ಮನೆಯ ಮೆಟ್ಟಿಲಮೇಲೂ ಮೂವತ್ತು ಜನ ಕೈಯಲ್ಲಿ ಕಡತ ಹಿಡಿದು ನಿಂತಿರುತ್ತಿದ್ದರು. ಆ ಕಡತದಲ್ಲಿ ಇರಬೇಕಾದವು ಇವು: ಕೆಲಸದ ಕರಾರು, ಕಳೆದ ಮೂರು ತಿಂಗಳ ಸಂಬಳದ ಚೀಟಿ, ಪಾಸ್‌ಪೋರ್ಟು ಹಾಗೂ ವಾಸದ ಪರವಾನಗಿಯ ಪ್ರತಿ, ತನ್ನ ವಿವರ ತಾನೇ ತುಂಬಿದ ಪತ್ರ, ಮತ್ತು ‘ಶೂಫಾ’ ಎಂಬ ಸಂಸ್ಥೆಯಿಂದ ಸಾಲಬಾಕಿಯ ವರದಿ. ಆಗತಾನೇ ಬಂದವರ ಹೆಸರಿನಲ್ಲಿ ಶೂಫಾದಲ್ಲಿ ಏನೂ ಇರುವುದಿಲ್ಲ; ಸಂಬಳದ ಚೀಟಿಯೂ ಒಂದೋ ಎರಡೋ. ಈ ಕೊರತೆಯನ್ನು ತುಂಬುವುದು ಉದ್ಯೋಗ ಕೊಟ್ಟವರ ಪತ್ರ, ಮೊದಲ ಬಿಡಾರದ ಒಡೆಯರಿಂದ ‘ಬಾಡಿಗೆ ಸರಿಯಾಗಿ ಸಂದಿದೆ’ ಎಂಬ ಎರಡು ಸಾಲು, ಮತ್ತು ಜರ್ಮನ್ ಭಾಷೆಯಲ್ಲಿ ಬರೆದ ಒಂದು ಪುಟದ ಪರಿಚಯ. ನಾವು ಯಾರು, ಏನು ಕೆಲಸ, ಮಕ್ಕಳ ವಯಸ್ಸೆಷ್ಟು, ಎಷ್ಟು ವರ್ಷ ಇರುವ ಉದ್ದೇಶ ಎಂಬುದನ್ನು ಸರಳವಾಗಿ ಬರೆದರೆ ಸಾಕು. ಮೊದಲ ಬಿಡಾರದಿಂದ ಆಗುವ ಎರಡನೆಯ ಪ್ರಯೋಜನ ಇದೇ: ಊರಲ್ಲಿಯೇ ಇರುವವರು, ಕರೆದ ಗಳಿಗೆಗೆ ಬರಬಲ್ಲವರು ಎಂಬ ನಂಬಿಕೆ ಹುಟ್ಟುತ್ತದೆ.

ಮಕ್ಕಳನ್ನು ಮನೆ ನೋಡಲು ಕರೆದೊಯ್ಯಬಾರದೆಂದು ಕೆಲವರು ನಮಗೆ ಹೇಳಿದ್ದರು. ನಾವು ಕರೆದುಕೊಂಡೇ ಹೋದೆವು. ಬಿಟ್ಟುಹೋಗಲು ಅಜ್ಜಿಯ ಮನೆ ಅಲ್ಲಿಲ್ಲವಷ್ಟೆ. ಒಬ್ಬ ವೃದ್ಧೆ ಮನೆಯೊಡತಿ ಮಗಳನ್ನು ನೋಡಿ, ಇವಳು ಮನೆಯಲ್ಲಿ ಓಡುತ್ತಾಳೆಯೋ ಎಂದು ಕೇಳಿದರು. ಓಡುತ್ತಾಳೆ, ಏಳೂವರೆಗೆ ಮಲಗುತ್ತಾಳೆ ಎಂದೆವು. ಆ ಮನೆ ನಮಗೆ ಸಿಗಲಿಲ್ಲ. ಆದರೆ ಅದೇ ಮಾತನ್ನು ಹನ್ನೊಂದನೆಯ ಮನೆಯಲ್ಲಿ ಹೇಳಿದಾಗ, ಕೆಳಗಿನ ಅಂತಸ್ತಿನಲ್ಲಿ ತಮ್ಮದೇ ಮೊಮ್ಮಕ್ಕಳಿದ್ದಾರೆಂದು ಒಡೆಯರು ನಕ್ಕರು. ಮಕ್ಕಳನ್ನು ಮರೆಮಾಡಿ ಪಡೆದ ಮನೆಯಲ್ಲಿ ಮುಂದೆ ದಿನವೂ ‘ಶ್’ ಎನ್ನುತ್ತ ಬದುಕಬೇಕಾಗುತ್ತದೆ.

ಮೋಸದ ಬಗ್ಗೆ ಒಂದು ಎಚ್ಚರಿಕೆ. ಪೇಟೆಯ ಮಧ್ಯದಲ್ಲಿ, ಸುಂದರವಾದ ಮನೆ, ಅರ್ಧ ಬಾಡಿಗೆ. ಒಡೆಯರು ಹೊರದೇಶದಲ್ಲಿದ್ದಾರೆ, ಹಣ ಕಳಿಸಿದರೆ ಬೀಗದಕೈಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ಇಂಥ ಜಾಹೀರಾತು ಕಂಡರೆ ಅದು ಮೋಸವೆಂದೇ ತಿಳಿಯಬೇಕು. ಮನೆಯೊಳಗೆ ಕಾಲಿಡದೆ, ಕರಾರಿಗೆ ಸಹಿಯಾಗದೆ ಒಂದು ಯೂರೋ ಕೂಡ ಕೊಡಬಾರದು. ಊರಿನಲ್ಲಿ ಕುಳಿತೇ ಮನೆ ಗೊತ್ತುಮಾಡಿಬಿಡೋಣವೆಂಬ ಆತುರದವರನ್ನೇ ಈ ಜಾಲ ಹಿಡಿಯುವುದು.

ಎರಡನೆಯ ಮೆಟ್ಟಿಲು: ಮಕ್ಕಳ ಮನೆ

ಮನೆಯನ್ನು ಆರಿಸುವಾಗ ಕಚೇರಿಗೆ ಎಷ್ಟು ದೂರ ಎಂದು ಅಳೆಯುವುದು ಸಾಮಾನ್ಯ. ಆದರೆ ಮನೆಯಲ್ಲಿ ಹಗಲು ಕಳೆಯುವವರು ಯಾರೋ ಅವರ ಕಣ್ಣಿನಿಂದ ನೋಡಬೇಕೆಂಬುದು ನಮ್ಮ ಅನುಭವ. ನಾವು ತಲಪಿದುದು ನವೆಂಬರಿನಲ್ಲಿ. ಡಿಸೆಂಬರಿನ ಹೊತ್ತಿಗೆ ಅಲ್ಲಿ ಬೆಳಗಾಗುವುದು ಎಂಟು ಗಂಟೆಯ ಮೇಲೆ, ಕತ್ತಲಾಗುವುದು ಸಂಜೆ ನಾಲ್ಕೂವರೆಗೆ. ಕಚೇರಿಗೆ ಹೋದವರು ನಾಲ್ಕು ಜನರೊಡನೆ ಮಾತಾಡಿ ಬರುತ್ತಾರೆ. ಮನೆಯಲ್ಲಿ ಉಳಿದವರಿಗೆ ಇಡೀ ದಿನ ಎರಡು ಮಕ್ಕಳು, ಒಂದು ಕಿಟಕಿ. ಮಗಳು ರಾತ್ರಿ ಮಲಗುವಾಗಲೆಲ್ಲ, ‘ನಮ್ಮ ಮನೆಗೆ ಯಾವಾಗ ಹೋಗೋದು?’ ಎಂದು ಕೇಳುತ್ತಿದ್ದಳು. ಅದಕ್ಕೆ ಉತ್ತರ ಕೊಡುವುದು ಯಾವ ಕಚೇರಿಯ ಕಾಗದಕ್ಕಿಂತಲೂ ಕಷ್ಟವಾಗಿತ್ತು.

ಆದುದರಿಂದ ನಾವು ಮನೆಯ ಸುತ್ತಲಿನ ಹತ್ತು ನಿಮಿಷದ ನಡಿಗೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡೆವು. ಮೊದಲನೆಯದು ಏರು. ಸ್ಟುಟ್‌ಗಾರ್ಟಿನ ನಡುಪಟ್ಟಣ ಬಾಣಲೆಯಂತೆ ತಗ್ಗಿನಲ್ಲಿದೆ, ಸುತ್ತ ಗುಡ್ಡಗಳು. ಏರಲು ನಾನೂರಕ್ಕೂ ಮೇಲ್ಪಟ್ಟ ಕಲ್ಲುಮೆಟ್ಟಿಲ ದಾರಿಗಳು. ನೋಡಲು ಬಲು ಚೆಂದ. ಮಗುವಿನ ಕೈಗಾಡಿ ತಳ್ಳುವವರಿಗೆ ಮಾತ್ರ ಶಿಕ್ಷೆ. ಡೇಗರ್‌ಲೋಖ್, ಮ್ಯೋರಿಂಗೆನ್, ಫೈಹಿಂಗೆನ್ ಮುಂತಾದ ಬಡಾವಣೆಗಳು ಮೇಲಿನ ಬಯಲಿನಲ್ಲಿವೆ. ಬಾಡ್ ಕಾನ್‌ಸ್ಟಾಟ್ ನೆಕಾರ್ ನದಿಯ ದಂಡೆಯಲ್ಲಿದೆ. ಉಪನಗರ ರೈಲಿನಲ್ಲಿ ಹೋಗಿಬರಬಹುದಾದ ಎಸ್‌ಲಿಂಗೆನ್, ಲುಡ್ವಿಗ್ಸ್‌ಬುರ್ಗ್, ಬ್ಯೋಬ್ಲಿಂಗೆನ್ ಊರುಗಳನ್ನೂ ನೋಡಬಹುದು. ಆರು ವರ್ಷದೊಳಗಿನ ಮಕ್ಕಳಿಗೆ ರೈಲು, ಟ್ರಾಮುಗಳಲ್ಲಿ ಟಿಕೆಟ್ಟಿಲ್ಲ.

ಎರಡನೆಯದು ಶಿಶುವಿಹಾರ. ‘ಕೀಟಾ’ ಎಂದು ಕರೆಯುವ ಇದರಲ್ಲಿ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಸ್ಥಳ ಪಡೆಯುವ ಕಾನೂನಿನ ಹಕ್ಕು 2013ರ ಆಗಸ್ಟ್ 1ರಿಂದ ಇದೆ. ಹಕ್ಕಿದ್ದರೂ ಸ್ಥಳದ ಅಭಾವ ಬಹಳ. ವಿಳಾಸ ಸಿಕ್ಕ ದಿನವೇ ಅರ್ಜಿ ಹಾಕುವುದು ಲೇಸು. 2020ರ ಮಾರ್ಚ್ 1ರಿಂದ ದಡಾರದ ಲಸಿಕೆಯ ರುಜುವಾತಿಲ್ಲದೆ ಒಂದು ವರ್ಷ ಮೀರಿದ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷ ತುಂಬಿದ ಮಕ್ಕಳಿಗೆ ಎರಡು ಸಲ ಹಾಕಿಸಿರಬೇಕು. ಊರಿನ ಲಸಿಕೆ ಚೀಟಿಯನ್ನು ಜೋಪಾನವಾಗಿ ಒಯ್ಯಬೇಕು. ಸೇರಿದ ಮೊದಲ ವಾರಗಳಲ್ಲಿ ತಾಯಿ ಅಥವಾ ತಂದೆ ಮಗುವಿನೊಡನೆಯೇ ಕುಳಿತಿದ್ದು, ಮೊದಲು ಕೆಲವು ನಿಮಿಷ, ಆಮೇಲೆ ಅರ್ಧ ಗಂಟೆ, ಹೀಗೆ ಮೆಲ್ಲಮೆಲ್ಲನೆ ಬಿಟ್ಟುಹೋಗುವ ಪದ್ಧತಿಯಿದೆ. ಅಳುವ ಮಗುವನ್ನು ಬಾಗಿಲಲ್ಲಿ ಒಪ್ಪಿಸಿ ಓಡುವ ನಮ್ಮ ಪದ್ಧತಿಗಿಂತ ಇದು ಎಷ್ಟೋ ಮೇಲು. ಆದರೆ ಆ ವಾರಗಳಲ್ಲಿ ಒಬ್ಬರು ಪೂರ್ತಿ ಬಿಡುವಾಗಿರಬೇಕು.

ಮೂರನೆಯದು ಶಾಲೆ. ಆ ರಾಜ್ಯದಲ್ಲಿ ಜೂನ್ 30ರೊಳಗೆ ಆರು ತುಂಬುವ ಮಗು ಅದೇ ವರ್ಷದ ಶರತ್ಕಾಲದಲ್ಲಿ ಶಾಲೆಗೆ ಹೋಗಲೇಬೇಕು. ಮನೆಯಲ್ಲಿಯೇ ಓದಿಸುತ್ತೇವೆಂದರೆ ನಡೆಯದು. ಸರಕಾರಿ ಪ್ರಾಥಮಿಕ ಶಾಲೆ ಯಾವುದೆಂಬುದು ಮನೆಯ ವಿಳಾಸದಿಂದಲೇ ಗೊತ್ತಾಗುತ್ತದೆ. ಐದು ವರ್ಷದ ಮಗುವಿರುವವರು ಮನೆ ಆರಿಸಿದರೆಂದರೆ ಶಾಲೆಯನ್ನೂ ಆರಿಸಿದಂತೆಯೇ. ಮೊದಲ ದಿನ ಮಕ್ಕಳು ಮಿಠಾಯಿ, ಪೆನ್ಸಿಲು ತುಂಬಿದ ಬಣ್ಣದ ದೊಡ್ಡ ಕಾಗದದ ಕೊಂಬನ್ನು ತಬ್ಬಿಕೊಂಡು ಹೋಗುವುದು ಅಲ್ಲಿಯ ಅಕ್ಷರಾಭ್ಯಾಸದ ಸಂಭ್ರಮ.

ನಾಲ್ಕನೆಯದಾಗಿ ಮಕ್ಕಳ ವೈದ್ಯರು. ಎಷ್ಟೋ ವೈದ್ಯರು ಹೊಸ ಮಕ್ಕಳನ್ನು ಸೇರಿಸಿಕೊಳ್ಳಲಾರದಷ್ಟು ತುಂಬಿರುತ್ತಾರೆ. ಜ್ವರ ಬಂದ ಮೇಲೆ ಹುಡುಕುವುದಲ್ಲ, ಮನೆ ಗೊತ್ತಾಗುತ್ತಲೇ ಹೆಸರು ಬರೆಸಬೇಕು. ಐದನೆಯದಾಗಿ ಆಟದ ಬಯಲು. ಎಷ್ಟು ಚಳಿಯಿದ್ದರೂ ಅಲ್ಲಿಯ ತಾಯಂದಿರು ಮಕ್ಕಳನ್ನು ಹೊರಗೆ ತರುತ್ತಾರೆ. ಮನೆಯಲ್ಲಿ ಉಳಿದವರಿಗೆ ಮೊದಲ ಗೆಳತಿ ಸಿಗುವ ಜಾಗ ಉಯ್ಯಾಲೆಯ ಪಕ್ಕದ ಬೆಂಚು. ನಮ್ಮ ಎರಡನೆಯ ಮನೆ ಕಚೇರಿಗೆ ಐವತ್ತು ನಿಮಿಷ ದೂರ, ಆಟದ ಬಯಲಿಗೆ ಎರಡು ನಿಮಿಷ. ಈ ವಿನಿಮಯ ನಮಗೆ ಲಾಭವಾಗಿಯೇ ಕಂಡಿದೆ.

ನೆರೆಹೊರೆಯ ರೀತಿನೀತಿ

ಮನೆ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳುವ ಶಿಸ್ತೂ ಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರ ವರೆಗೆ ಸದ್ದು ಮಾಡಬಾರದು. ಭಾನುವಾರ ಇಡೀ ದಿನ ಮೊಳೆ ಹೊಡೆಯುವುದಾಗಲಿ ಗೋಡೆ ಕೊರೆಯುವುದಾಗಲಿ ಸಲ್ಲದು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಮಗುವಿನ ಹಾಲು ಶನಿವಾರವೇ ಮನೆಯಲ್ಲಿರಲಿ. ಹಾಗೆಂದು ಮಗು ಅತ್ತರೆ ಹೆದರಬೇಕಾಗಿಲ್ಲ. ಶಿಶುವಿಹಾರ, ಆಟದ ಬಯಲುಗಳ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಉಪದ್ರವವೆಂದು ಎಣಿಸಕೂಡದೆಂದು 2011ರಲ್ಲಿ ಕಾನೂನೇ ಆಗಿದೆ. ಮನೆಯೊಳಗಿನ ಕೂಸಿನ ಅಳುವನ್ನೂ ಜನ ಅರ್ಥಮಾಡಿಕೊಳ್ಳುತ್ತಾರೆ. ಹೊಸಬರು ತಾವಾಗಿ ನೆರೆಮನೆಗಳ ಬಾಗಿಲು ತಟ್ಟಿ ಪರಿಚಯ ಹೇಳಿಕೊಂಡಿದ್ದರಂತೂ ಇನ್ನೂ ಸುಲಭ.

ಆ ಸೀಮೆಯ ವಿಶೇಷವೆಂದರೆ ‘ಕೇರ್‌ವೋಖೆ’, ಎಂದರೆ ಗುಡಿಸುವ ವಾರ. ಸರದಿಯ ಮೇಲೆ ಒಂದೊಂದು ಮನೆಯವರು ಮೆಟ್ಟಿಲು, ಅಂಗಳಗಳನ್ನು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಫಲಕ ತೂಗುತ್ತದೆ. ಚಾಳಿನ ಸಾಮೂಹಿಕ ನಲ್ಲಿಯ ಸರದಿ ಕಂಡ ಮನೆತನಗಳಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಇನ್ನೊಂದು ನೇಮ ಗಾಳಿಯಾಡಿಸುವುದು. ಎಂಥ ಚಳಿಯಲ್ಲೂ ದಿನಕ್ಕೆ ಮೂರು ನಾಲ್ಕು ಸಲ ಕಿಟಕಿಗಳನ್ನು ಐದು ಹತ್ತು ನಿಮಿಷ ಪೂರ್ತಿ ತೆರೆದಿಡಬೇಕು. ಇಲ್ಲವಾದರೆ ನಮ್ಮ ಅನ್ನ ಸಾರುಗಳ ಹಬೆ ತಣ್ಣನೆಯ ಗೋಡೆಗೆ ತಾಗಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಮಕ್ಕಳಿಗೆ ಕೆಮ್ಮು, ಒಡೆಯರೊಡನೆ ವ್ಯಾಜ್ಯ.

ಮನೆಯೊಳಗಿನ ಮನೆ

ಗೋಡೆಗಳು ಎರಡು ಸಲ ಬದಲಾಗುವಾಗ ಮಗುವಿಗೆ ಬದಲಾಗದ ಕೆಲವನ್ನಾದರೂ ಉಳಿಸಿಕೊಡಬೇಕು. ಮುಂಬಯಿಯಿಂದ ಒಯ್ದ ಅದೇ ಕೌದಿ, ಅದೇ ಸ್ಟೀಲಿನ ತಟ್ಟೆ, ಮಲಗುವಾಗ ಅದೇ ಕಥೆ, ಸಂಜೆ ದೇವರ ಮುಂದೆ ಅದೇ ದೀಪ. ಈ ನಾಲ್ಕನ್ನು ನಾವು ಎರಡು ಮನೆಗಳಲ್ಲಿಯೂ ಬಿಡಲಿಲ್ಲ. ಅಜ್ಜ ಅಜ್ಜಿಯರು ಬಂದು ನಿಲ್ಲುವುದಕ್ಕೂ ಒಂದು ಮೂಲೆ ಬೇಕು. ಅವರಿಗೆ ಸಿಗುವ ಭೇಟಿಯ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಮಾಡಿಸಬೇಕು. ಮನೆ ಬದಲಿಸುವ ತಿಂಗಳಿಗೆ ಅವರ ಭೇಟಿಯನ್ನು ಹೊಂದಿಸಿಕೊಂಡರೆ ಮಕ್ಕಳಿಗೂ ಹಿರಿಯರಿಗೂ ಹಿತ.

ಎಲ್ಲಕ್ಕಿಂತ ಮುಖ್ಯವಾದುದು ಮಾತು. ಹೊಸ ದೇಶದ ಭಾಷೆ ಬೇಗ ಬರಲೆಂದು ಮನೆಯಲ್ಲಿಯೂ ಇಂಗ್ಲಿಷನ್ನೋ ಅರ್ಧಂಬರ್ಧ ಜರ್ಮನನ್ನೋ ಆಡತೊಡಗುವ ಸಂಸಾರಗಳಿವೆ. ಅದರ ಅವಶ್ಯಕತೆಯಿಲ್ಲ. ಜರ್ಮನನ್ನು ಮಗು ಶಿಶುವಿಹಾರದಲ್ಲಿ ನಮಗಿಂತ ಚೆನ್ನಾಗಿಯೇ ಕಲಿಯುತ್ತದೆ. ಕನ್ನಡವನ್ನು ಕೊಡುವವರು ಮಾತ್ರ ನಾವಲ್ಲದೆ ಬೇರೆ ಯಾರೂ ಅಲ್ಲಿಲ್ಲ. ಮುಂಬಯಿಯಲ್ಲಿ ಮರಾಠಿ, ಹಿಂದಿಗಳ ನಡುವೆ ಕನ್ನಡವನ್ನು ಉಳಿಸಿಕೊಂಡ ಮನೆಗಳಿಗೆ ಇದು ಹೊಸ ಪಾಠವೇನೂ ಅಲ್ಲ.

ಕನ್ನಡಕ್ಕೆ ಆ ಸೀಮೆ ತೀರ ಪರಕೀಯವೂ ಅಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮ್ಯೋಗ್ಲಿಂಗ್ 1881ರಲ್ಲಿ ತೀರಿಕೊಂಡುದು ನಾವು ಮನೆ ನೋಡಲು ಹೋದ ಅದೇ ಎಸ್‌ಲಿಂಗೆನ್ನಿನಲ್ಲಿ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದು, ಕಂಡಕಂಡವರನ್ನು ಕೇಳಿ ಕೇಳಿ ಶಬ್ದ ಕೂಡಿಸಿ, 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಮಹಾನಿಘಂಟನ್ನು ಅಚ್ಚು ಹಾಕಿಸಿದರು. ಅವರು 1903ರಲ್ಲಿ ಕಣ್ಮುಚ್ಚಿದುದು ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯ ಟ್ಯೂಬಿಂಗೆನ್ನಿನಲ್ಲಿ. ಪರದೇಶಕ್ಕೆ ಬಂದು ಅಲ್ಲಿಯ ಮಾತನ್ನು ತನ್ನದಾಗಿಸಿಕೊಂಡವರ ನಾಡದು. ನಮ್ಮ ಮಕ್ಕಳು ಅವರ ಮಾತನ್ನು ಕಲಿಯಲಿ. ಕಿಟ್ಟೆಲರು ಅಷ್ಟು ಶ್ರಮಪಟ್ಟು ಕೂಡಿಸಿದ ಮಾತನ್ನು ಮನೆಯಲ್ಲಿ ಬಿಡದಿರಲಿ.

ಹೊರಡಲಿರುವ ತರುಣ ಸಂಸಾರಗಳಿಗೆ ನಮ್ಮ ವಿನಂತಿ ಇಷ್ಟೆ. ಮೊದಲ ಮನೆ ಚಿಕ್ಕದಾದರೆ ಕುಂದೆಂದು ಭಾವಿಸಬೇಡಿ. ಅದು ಕಾಗದಪತ್ರಗಳಿಗಾಗಿ ಹಿಡಿದ ಛತ್ರ. ಎರಡನೆಯದಕ್ಕೆ ಅವಸರಪಡಬೇಡಿ. ಇಲ್ಲಿಯೇ ಉಳಿಯುವ ಹಿರಿಯರಲ್ಲಿ ಇನ್ನೊಂದು ಮಾತು: ಮಕ್ಕಳು ದೂರದಿಂದ ಫೋನು ಮಾಡಿದಾಗ ಮನೆ ಎಷ್ಟು ದೊಡ್ಡದು, ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಮೊಮ್ಮಗುವಿಗೆ ಆಡಲು ಜೊತೆ ಸಿಕ್ಕಿತೇ ಎಂದು ಕೇಳಿ. ಆ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದ ದಿನ ಅವರ ಬಿಡಾರ ನೆಲೆಯೂರಿತೆಂದು ತಿಳಿಯಬಹುದು.